ಅಂಗೈಯಗಲದ ಬೋರ್ಡಿಗೂ ‘ಕೆಲಸ’ ಹಚ್ಚಿದ ಡಚ್ಚರು!

ಅಕ್ಕಲಕೋಟ: ಹೊಲದ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರಿಗೆ ಗೊತ್ತು, ಡಬ್ಬಿಯೊಳಗಿನ ಚಿಪ್ಪು ಕಲಿಸಿದಷ್ಟೇ ಮಾಡತದ. ‘ಮಣ್ಣಿನ ತೇವ ನೋಡಿ ನೀರು ಬಿಡು’ ಅಂತ ಹೊಸ ಕೆಲಸ ಹೇಳಬೇಕಂದ್ರ ಡಬ್ಬಿ ಬಿಚ್ಚಬೇಕು, ಬಲ್ಲವರನ್ನು ಕರೆಸಬೇಕು.

ಇಂಥ ತೊಡಕಿಗೆ ನೆದರ್ಲೆಂಡ್ಸ್‌ನ ನೈಮೇಖನ್ ಊರಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಒಂದು ದಾರಿ ತೋರಿಸಿದ್ದಾರೆ. ಪ್ರೊ. ರೀನುಸ್ ಪ್ಲಾಸ್‌ಮೈಯರ್ ಮತ್ತು ಸಂಗಡಿಗರು ಅಲ್ಲಿ ‘ಕ್ಲೀನ್’ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದರು. 2007ರಲ್ಲಿ ಅದರ ಮೇಲೆ ‘ಐಟಾಸ್ಕ್’ ಬಂತು. ಯಾರು ಯಾವ ಕೆಲಸ ಮಾಡಬೇಕು, ಅದು ಮುಗಿದ ಮೇಲೆ ಮುಂದಿನದೇನು ಎಂದು ಬರೆದರೆ ಸಾಕು. ಪರದೆ, ಫಾರ್ಮು, ಮಾಹಿತಿ ಸಾಗಾಟ ಎಲ್ಲ ಅದೇ ನೋಡಿಕೊಳ್ಳುತ್ತದೆ.

ಆದರೆ ಐಟಾಸ್ಕ್‌ಗೆ ಹೊಟ್ಟೆ ದೊಡ್ಡದು. ಆರ್ಡುಯಿನೋ ಉನೋ ಬೋರ್ಡಿನ ರ‍್ಯಾಮ್ ಬರೇ 2 ಕಿಲೋಬೈಟ್. ಇದರಾಗ ಅದು ಕೂಡೂದೆಲ್ಲಿ? ಪೀಟರ್ ಕೂಪ್‌ಮನ್, ಮಾರ್ಟ್ ಲುಬ್ಬರ್ಸ್ ಅವರು ಪ್ಲಾಸ್‌ಮೈಯರ್ ಜೊತೆ ಸೇರಿ 2018ರಲ್ಲಿ ಪ್ರಕಟಿಸಿದ ಉತ್ತರ ‘ಎಂಟಾಸ್ಕ್’. ಬೋರ್ಡಿಗೆ ಒಂದು ಸಣ್ಣ ಪ್ರೋಗ್ರಾಂ ಒಮ್ಮೆ ಕೂಡಿಸಿಬಿಡುತ್ತಾರೆ. ಆಮೇಲೆ ಬೇಕಾದ ಕೆಲಸವನ್ನು ಸರ್ವರ್ ಆಗಿಂದಾಗ ಚುಟುಕು ಸಂಕೇತ ಮಾಡಿ ವೈಫೈ ಅಥವಾ ಕೇಬಲ್ ಮೂಲಕ ಕಳಿಸುತ್ತದೆ. ಬೋರ್ಡು ಕೆಲಸ ನಡೆಸುತ್ತಲೇ ಫಲಿತಾಂಶವನ್ನು ವಾಪಸ್ ತಿಳಿಸುತ್ತದೆ.

ಬಂದ ಕೆಲಸ ಉಳಿಯುವುದು ರ‍್ಯಾಮ್‌ನಲ್ಲಿ. ಇದು ಸುಮ್ಮನೆ ಮಾಡಿದ್ದಲ್ಲ. ಉನೋದ ಫ್ಲ್ಯಾಶ್ ಮೆಮೊರಿಗೆ ತಯಾರಕರು ಹೇಳುವ ಬಾಳಿಕೆ ಸುಮಾರು 10,000 ಸಲದ ಬರಹ. ದಿನಕ್ಕೆ ನೂರು ಸಲ ಬದಲಿಸಿದರೆ ನೂರೇ ದಿನಕ್ಕೆ ಆ ಲೆಕ್ಕ ಚುಕ್ತಾ!

ಇನ್ನೊಂದು ಲಾಭ ಇದೆ. ಸರ್ವರಿಗೊಂದು, ಬೋರ್ಡಿಗೊಂದು ಭಾಷೆ ಅಂತ ತುಂಡು ತುಂಡಾಗಿ ಬರೆದಾಗ, ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವುದು ಮಾಮೂಲು. ಇಲ್ಲಿ ಎಲ್ಲವೂ ಒಂದೇ ಕಡತ. ಸರ್ವರ್ ಕೇಳಿದ್ದೊಂದು, ಬೋರ್ಡು ಕಳಿಸಿದ್ದೊಂದು ಎಂಬ ಗೊಂದಲ ಯಂತ್ರ ಶುರುವಾಗುವ ಮೊದಲೇ ಸಿಕ್ಕಿಬೀಳುತ್ತದೆ. ಗ್ಲಾಸ್ಗೋ ವಿಶ್ವವಿದ್ಯಾಲಯದವರ ಜೊತೆ ಕೂಡಿ, ಕ್ಯಾಂಪಸ್ ಕೋಣೆಗಳ ಉಷ್ಣತೆ, ಬೆಳಕು ಮುಂತಾದವನ್ನು ಅಳೆಯುವ ವ್ಯವಸ್ಥೆಯನ್ನು ನಾಲ್ಕು ಬಗೆಯಲ್ಲಿ ಕಟ್ಟಿ ಹೋಲಿಸಿದರು. ಈ ದಾರಿಯಲ್ಲಿ ಬರೆಯಬೇಕಾದ ಕೋಡ್ ಶೇ. 70ರಷ್ಟು ಕಡಿಮೆ.

ಹಂಗಂತ ನಾಳೆಯೇ ಪೇಟೆಯ ಸ್ಟಾರ್ಟರ್‌ನಾಗ ಬರತದ ಅನ್ನೂ ಹಂಗಿಲ್ಲ. ಕ್ಲೀನ್ ಬಲ್ಲವರು ಬಹಳ ಕಡಿಮೆ. ಪೈಥಾನ್ ಕಲಿತವರು ಊರಿಗೊಬ್ಬರು ಸಿಗುತ್ತಾರೆ. ಕೆಟ್ಟಾಗ ರಿಪೇರಿಗೆ ಯಾರನ್ನು ಕರೆಯುವುದು? ಆಡುವವರು ಕಡಿಮೆ ಇದ್ದ ಭಾಷೆಯ ಪಾಡು ಗಡಿಯೀಚೆಯ ನಮಗ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಲುಬ್ಬರ್ಸ್ ಇದೇ ವಿಷಯದ ಮೇಲೆ 2023ರಲ್ಲಿ ಪಿಎಚ್.ಡಿ. ಪಡೆದರು. ಕೆಲಸವಿಲ್ಲದ ಹೊತ್ತಿನಲ್ಲಿ ಬೋರ್ಡು ತಾನೇ ನಿದ್ದೆಗೆ ಜಾರಿ ಬ್ಯಾಟರಿ ಉಳಿಸುವಂತೆ ಮಾಡಿದ್ದೂ ಇದೇ ತಂಡ.