ಜೀವಾಕ್ಷರ ಜೋಡಿಸುವ ಯಂತ್ರ

ಕೆಲಗೇರಿಯ ಕೆರೆಯ ಏರಿಯ ಮೇಲೆ ಸಂಜೆ ತಿರುಗಾಡುವವರಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ದೂರದ ಮಾತಲ್ಲ. ಹತ್ತಿಯ ಸಂಶೋಧನೆಗೆ ಈ ಊರು ಹಳೆಯ ನೆಂಟು. 1972ರಲ್ಲಿ ಇಲ್ಲಿಂದ ಹೊರಬಂದ ‘ವರಲಕ್ಷ್ಮಿ’ ಎಂಬ ಸಂಕರ ತಳಿಯನ್ನು ಬಲ್ಲ ಹಿರಿಯ ರೈತರು ಹಲವರು. ಸಂಕರ ಬೀಜದ ಕೆಲಸವೆಲ್ಲ ಬೆರಳುಗಳದು: ಒಂದು ಹೂವಿನ ಕೇಸರಗಳನ್ನು ಬಿಡಿಸಿ, ಇನ್ನೊಂದರ ಪರಾಗವನ್ನು ಲೇಪಿಸಬೇಕು. ಅಲ್ಲಿ ಮನುಷ್ಯನು ಪ್ರಕೃತಿಯ ಬರಹವನ್ನು ಬೆರೆಸುತ್ತಾನೆಯೇ ಹೊರತು ತಾನೇ ಬರೆಯುವುದಿಲ್ಲ. ಇಂದು ಆ ಬರಹವನ್ನು ಯಂತ್ರವೇ ಬರೆದುಕೊಡುತ್ತದೆ. ಅದು ಹೇಗೆಂದು ನೋಡೋಣ.

ಜೀವಿಯ ಗುಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಒಯ್ಯುವ ವಂಶವಾಹಿ, ಎಂದರೆ ಜೀನ್, ಡಿಎನ್‌ಎ ಎಂಬ ಉದ್ದನೆಯ ಎಳೆಯ ಒಂದು ತುಣುಕು. ಅದರ ವರ್ಣಮಾಲೆಯಲ್ಲಿರುವುದು ನಾಲ್ಕೇ ಅಕ್ಷರಗಳು: ಎ, ಟಿ, ಜಿ, ಸಿ. 1968ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ, ಪಂಜಾಬಿನಲ್ಲಿ ಹುಟ್ಟಿದ ಹರಗೋವಿಂದ ಖೊರಾನಾ ಅವರು ಅಮೆರಿಕದಲ್ಲಿ ಸಂಗಡಿಗರೊಡನೆ ವರ್ಷಗಟ್ಟಲೆ ದುಡಿದು, 1970ರಲ್ಲಿ ಯೀಸ್ಟಿನ ಒಂದು ಜೀನನ್ನು ಪ್ರಯೋಗಶಾಲೆಯಲ್ಲಿ ಪೂರ್ಣವಾಗಿ ರಚಿಸಿದರು. ಅದರ ಉದ್ದ ಕೇವಲ 77 ಅಕ್ಷರಜೋಡಿ! ಜೀವಕೋಶದೊಳಗೆ ಕೆಲಸ ಮಾಡಬಲ್ಲ ಕೃತಕ ಜೀನನ್ನು ಅವರ ತಂಡವು 1976ರಲ್ಲಿ ತೋರಿಸಿತು.

ಆ ತಂಡದಲ್ಲಿ ಪಳಗಿದ ಮಾರ್ವಿನ್ ಕ್ಯಾರದರ್ಸ್ ಅವರು 1980ರ ದಶಕದ ಆರಂಭದಲ್ಲಿ ಕಂಡುಹಿಡಿದ ರಾಸಾಯನಿಕ ವಿಧಾನವು ಕೈಗೆಲಸವನ್ನು ಯಂತ್ರಕ್ಕೆ ಒಪ್ಪಿಸಿತು. ಹಳೆಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವನನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಮೊದಲ ಅಕ್ಷರವನ್ನು ಗಾಜಿನಂಥ ಸಣ್ಣ ಕಣಗಳಿಗೆ ಅಂಟಿಸಿರುತ್ತಾರೆ. ಪ್ರತಿಯೊಂದು ಅಕ್ಷರದ ತುದಿಗೂ ಒಂದು ಮುಚ್ಚಳ. ಯಂತ್ರವು ಆಮ್ಲವನ್ನು ಹರಿಸಿ ಮುಚ್ಚಳವನ್ನು ತೆಗೆಯುತ್ತದೆ; ಮುಂದಿನ ಅಕ್ಷರವನ್ನು ಕೂಡಿಸುತ್ತದೆ; ಕೂಡದೆ ಉಳಿದ ಎಳೆಗಳ ಬಾಯಿಯನ್ನು ಕಟ್ಟುತ್ತದೆ; ಆದ ಬೆಸುಗೆಯನ್ನು ಗಟ್ಟಿಗೊಳಿಸುತ್ತದೆ. ಒಂದೊಂದು ಅಕ್ಷರಕ್ಕೂ ಇದೇ ಸುತ್ತು.

ಆದರೆ ಯಂತ್ರವೂ ಎಡವುತ್ತದೆ. ಪ್ರತಿ ಸುತ್ತಿನಲ್ಲಿ ನೂರಕ್ಕೆ 99 ಎಳೆಗಳು ಸರಿಯಾಗಿ ಬೆಳೆದರೂ, ನೂರು ಸುತ್ತು ಮುಗಿಯುವಾಗ ಪೂರ್ಣವಾಗಿ ಉಳಿಯುವುದು ಸುಮಾರು 37. ಇನ್ನೂರು ಸುತ್ತಿಗೆ ಬರೀ 13. ಆದುದರಿಂದ ಉದ್ದನೆಯ ಜೀನನ್ನು ಒಂದೇ ಉಸಿರಿಗೆ ಬರೆಯುವುದಿಲ್ಲ. ಸಣ್ಣ ತುಣುಕುಗಳನ್ನು ರಚಿಸಿ, ಕಿಣ್ವಗಳಿಂದ ಬೆಸೆದು, ಕಡೆಗೆ ಕರಡು ತಿದ್ದುವವನಂತೆ ಅಕ್ಷರ ಅಕ್ಷರವಾಗಿ ಓದಿ ನೋಡುತ್ತಾರೆ.

ಈ ವಿದ್ಯೆಗೂ ನಮ್ಮ ಹತ್ತಿಯ ಹೊಲಕ್ಕೂ ಏನು ಸಂಬಂಧ? ಕಾಯಿಕೊರಕವನ್ನು ಕೊಲ್ಲುವ ಬಿ.ಟಿ. ಜೀನು ಮೂಲದಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದ್ದು. ಅದರಲ್ಲಿ ಎ ಮತ್ತು ಟಿ ಅಕ್ಷರಗಳೇ ಹೆಚ್ಚು. ಸಸ್ಯವು ಅದನ್ನು ಸರಿಯಾಗಿ ಓದಲಾರದು. ಅರ್ಥ ಕೆಡದಂತೆ ಪದಗಳನ್ನು ಬದಲಿಸಿ ಬರೆದರೆ ಸಸ್ಯವು ಆ ಪ್ರೋಟೀನನ್ನು ಹಲವು ಪಟ್ಟು ಹೆಚ್ಚಾಗಿ ತಯಾರಿಸುತ್ತದೆಂದು ಮೊನ್ಸಾಂಟೊ ಸಂಸ್ಥೆಯ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದರು. ಇಂಥ ಮರುಬರಹವು ಸಾಧ್ಯವಾದುದು ರಾಸಾಯನಿಕ ಜೋಡಣೆಯಿಂದಲೇ.

2002ರಲ್ಲಿ ಭಾರತದಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆಯಿತು. ಆದರೆ ಬಂದುದು ಸಂಕರ ಬೀಜ; ರೈತನು ಅದನ್ನು ವರ್ಷವರ್ಷವೂ ಕೊಳ್ಳಬೇಕು. ಬೀಜವನ್ನು ತಾನೇ ಉಳಿಸಿಕೊಂಡು ಬಿತ್ತಬಹುದಾದ ತಳಿಯೊಂದು ಬೇಡವೆ? ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ, ದೆಹಲಿಯ ಸಸ್ಯ ಜೈವಿಕ ತಂತ್ರಜ್ಞಾನ ಕೇಂದ್ರ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೂಡಿ ‘ಬಿಕಾನೇರಿ ನರ್ಮಾ’ ತಳಿಗೆ ಬಿ.ಟಿ. ಜೀನನ್ನು ಸೇರಿಸಿದವು. 2008ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಮರುವರ್ಷ ಬೀಜವು ರೈತರ ಕೈಸೇರಿತು. ಆದರೆ ಆ ಬೀಜದಲ್ಲಿ ಮೊನ್ಸಾಂಟೊದ ಜೀನಿನ ಕುರುಹು ಕಂಡುಬಂದು, ಮಾರಾಟ ನಿಂತುಹೋಯಿತು. ವಿಷಯವು ತನಿಖೆಯವರೆಗೆ ಹೋಯಿತು.

ಅಕ್ಷರ ಜೋಡಿಸುವ ಯಂತ್ರದ ತಪ್ಪು ಇದಲ್ಲ. ಬೀಜಕ್ಕೆ ಬೀಜ ಬೆರೆಯದಂತೆ ಕಾಯುವ, ಯಾವುದು ಎಲ್ಲಿಂದ ಬಂದಿತೆಂದು ಬರೆದಿಡುವ ಕೆಲಸವನ್ನು ಯಾವ ಯಂತ್ರವೂ ಮಾಡಿಕೊಡದು. ಕರಡು ಎಷ್ಟೇ ಶುದ್ಧವಾಗಿದ್ದರೂ ಹಾಳೆಗಳು ಅದಲುಬದಲಾದರೆ ಪುಸ್ತಕ ಕೆಟ್ಟಂತೆಯೇ ಸರಿ. ಅಂದು ಕೈತಪ್ಪಿದುದು ಒಂದು ತಳಿ ಮಾತ್ರವಲ್ಲ. ಸ್ವಂತ ಬೀಜವನ್ನು ಮನೆಯಲ್ಲಿ ಉಳಿಸಿಕೊಳ್ಳುವ ರೈತನ ಒಂದು ಅವಕಾಶ. ಮುಂದೆ ಇಂಥ ತಳಿಯನ್ನು ರೂಪಿಸುವವರು ಜೀನನ್ನು ತಿದ್ದಿ ಬರೆಯುವಷ್ಟೇ ಶ್ರದ್ಧೆಯಿಂದ ಬೀಜದ ಚೀಲಗಳ ಲೆಕ್ಕವನ್ನೂ ಬರೆಯಲಿ.