ನಾಯಿಯ ಆರೋಗ್ಯವೂ ನಾಡಿನ ಹಿತವೂ

ಬಡವನ ಮನೆಯ ನಾಯಿಗೆ ವೈದ್ಯಪರೀಕ್ಷೆ ಎಂದೊಡನೆ ನಗುವವರು ನಮ್ಮಲ್ಲಿ ಇನ್ನೂ ಬಹುಮಂದಿ ಇದ್ದಾರೆ. ಮನುಷ್ಯನ ಔಷಧೋಪಚಾರಕ್ಕೇ ಹಣ ಸಾಲದಿರುವಾಗ ನಾಯಿಯ ಮಲವನ್ನೂ ರಕ್ತವನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿಸುವದು ಪಟ್ಟಣದ ಸಿರಿವಂತರ ವಿಲಾಸವೆಂಬದು ಅವರ ಅಂಬೋಣ. ಈ ಮಾತಿನ ಹಿಂದೆ ಬಡತನದ ನೋವಿದೆ. ಅದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಇದರಲ್ಲಿ ಲೆಕ್ಕದ ತಪ್ಪೂ ಉಂಟು. ಕಾಲಕ್ಕೆ ಸರಿಯಾಗಿ ಪರೀಕ್ಷೆ ಮಾಡಿಸದೆ ಇರುವದರಿಂದಲೇ ನಾಯಿಯ ಪೋಷಣೆಯು ದುಬಾರಿಯಾಗುತ್ತದೆ. ಮತ್ತು ಆ ವೆಚ್ಚವನ್ನು ಕೊನೆಗೆ ತೆರುವವರಲ್ಲಿ ನಾಯಿಯ ಒಡೆಯನೊಡನೆ ಊರಿಗೆ ಊರೇ ಇರುತ್ತದೆ.

ಈ ವಿಚಾರವನ್ನು ಬೀದರ ಜಿಲ್ಲೆಯವರ ಮುಂದಿಡಲು ವಿಶೇಷ ಕಾರಣವಿದೆ. ಬೀದರ ನಗರದ ಹೊರವಲಯದಲ್ಲಿ, ಕಮಠಾಣದ ಸಮೀಪದ ನಂದಿನಗರದಲ್ಲಿ, 1985ರಿಂದ ಪಶುವೈದ್ಯ ಕಾಲೇಜು ನಡೆದು ಬಂದಿದೆ. 2004ರ ಕಾಯಿದೆಯಂತೆ ಸ್ಥಾಪಿತವಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೂ ಅದೇ. ಇಡೀ ರಾಜ್ಯದ ಪಶುವೈದ್ಯ ವಿದ್ಯೆಗೆ ತವರಾದ ಜಿಲ್ಲೆಯು ಈ ವಿಷಯದಲ್ಲಿ ಉಳಿದವುಗಳಿಗೆ ದಾರಿ ತೋರಬೇಕಾದದ್ದು ನ್ಯಾಯ. ಇಲ್ಲಿಯ ಜನರಿಗೆ ನಾಯಿಯೇನೂ ಪರಕೀಯ ಪ್ರಾಣಿಯಲ್ಲ. ಭಾಲ್ಕಿ ತಾಲೂಕಿನ ಖಾನಾಪುರದಲ್ಲಿ ನೆಲಸಿದ ಮೈಲಾರ ಮಲ್ಲಣ್ಣನ ಸಂಪ್ರದಾಯದಲ್ಲಿ ನಾಯಿಗೆ ಮನ್ನಣೆಯ ಸ್ಥಾನವಿದೆ. ಆ ದೇವರ ದೀಕ್ಷೆ ಹೊತ್ತ ಭಕ್ತರು ತಮ್ಮನ್ನು ಆತನ ನಾಯಿಗಳೆಂದೇ ಭಾವಿಸಿಕೊಳ್ಳುವ ಪದ್ಧತಿಯು ಪುರಾತನವಾದುದು. ಕುರಿಯ ಹಿಂಡಿಗೂ ಹೊಲದ ಬೆಳೆಗೂ ನಾಯಿಯೇ ಕಾವಲುಗಾರ. ಇಂಥ ಪ್ರಾಣಿಯನ್ನು ದುಡಿಸಿಕೊಂಡು, ಅದರ ರೋಗವನ್ನು ಮಾತ್ರ ದೈವಕ್ಕೆ ಬಿಡುವದು ನಮ್ಮ ಸಂಪ್ರದಾಯಕ್ಕೂ ಶೋಭಿಸದು.

ಹುಚ್ಚುನಾಯಿ ರೋಗವೆಂದು ನಾವು ಕರೆಯುವ ರೇಬೀಸಿನ ಮಾತನ್ನು ಮೊದಲು ಹೇಳಬೇಕು. ಲಕ್ಷಣಗಳು ಕಾಣಿಸಿಕೊಂಡ ಬಳಿಕ ಈ ರೋಗದಿಂದ ಬದುಕಿ ಉಳಿದವರು ಜಗತ್ತಿನಲ್ಲಿಯೇ ಬೆರಳೆಣಿಕೆಯಷ್ಟು. 1885ರ ಜುಲೈ 6ರಂದು ಲೂಯಿ ಪಾಶ್ಚರನು ಒಂಬತ್ತು ವರುಷದ ಜೋಸೆಫ್ ಮೈಸ್ಟರನಿಗೆ ಲಸಿಕೆಯನ್ನಿತ್ತು ಉಳಿಸಿದ ಮೇಲೆ ಒಂದೂಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಸಂದಿತು. 1907ರಿಂದ ಕೂನೂರಿನಲ್ಲಿಯೇ ಪಾಶ್ಚರ್ ಸಂಸ್ಥೆಯಿದೆ. ಆದರೂ 2022-23ರಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆಯ ಆಧಾರದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಮಾಡಿದ ಅಂದಾಜಿನಂತೆ, ನಮ್ಮ ದೇಶದಲ್ಲಿ ವರುಷಕ್ಕೆ ಸುಮಾರು 91 ಲಕ್ಷ ಜನರನ್ನು ಪ್ರಾಣಿಗಳು ಕಚ್ಚುತ್ತವೆ. ಅವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಮಿಕ್ಕಿ ನಾಯಿಯ ಕಡಿತಗಳು. ರೇಬೀಸಿನಿಂದ ಸಾಯುವವರು 5,700ಕ್ಕೂ ಹೆಚ್ಚು. ಔಷಧವಿದ್ದೂ ಸಂಭವಿಸುವ ಈ ಸಾವುಗಳು ನಮ್ಮ ವ್ಯವಸ್ಥೆಯ ದೋಷವನ್ನು ತೋರಿಸುತ್ತವೆಯಲ್ಲದೆ ಮತ್ತೇನನ್ನೂ ಅಲ್ಲ.

ಈ ರೋಗದ ಮುಂದೆ ಪರೀಕ್ಷೆಯೂ ನಿರುಪಾಯವೆಂಬದನ್ನು ವಾಚಕರು ಗಮನಿಸಬೇಕು. ಬದುಕಿರುವ ನಾಯಿಗೆ ರೇಬೀಸ್ ಇದೆಯೋ ಇಲ್ಲವೋ ಎಂದು ನಿಶ್ಚಯವಾಗಿ ಹೇಳುವ ಪರೀಕ್ಷೆಯಿಲ್ಲ. ನಾಯಿ ಸತ್ತ ಮೇಲೆ ಅದರ ಮೆದುಳನ್ನು ನೋಡಿಯೇ ನಿರ್ಣಯ. ಆದ್ದರಿಂದ ಇಲ್ಲಿ ಲಸಿಕೆಯೊಂದೇ ರಕ್ಷೆ. ಮೂರು ತಿಂಗಳು ತುಂಬಿದ ಮರಿಗೆ ಮೊದಲನೆಯದು, ಅನಂತರ ವೈದ್ಯರು ಹೇಳಿದಂತೆ ವರುಷಕ್ಕೊಮ್ಮೆ. ಈಗ ಲೆಕ್ಕ ಹಾಕೋಣ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇದ್ದಿತು. ನಾಯಿಯ ಒಂದು ಲಸಿಕೆಯ ಬೆಲೆಯು ಸಾಮಾನ್ಯವಾಗಿ ಆ ಒಂದು ದಿನದ ಕೂಲಿಯೊಳಗೇ ಮುಗಿಯುತ್ತದೆ. ನಾಯಿ ಕಚ್ಚಿದ ಮನುಷ್ಯನಾದರೋ ಕಚ್ಚಿದ ದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ, ಹೀಗೆ ನಾಲ್ಕು ಸಲ ಸೂಜಿಮದ್ದು ಚುಚ್ಚಿಸಿಕೊಳ್ಳಬೇಕು. ಗಾಯವು ಆಳವಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಬೇರೆ. ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತವಾದರೂ, ಔರಾದ ತಾಲೂಕಿನ ಗಡಿಯ ಹಳ್ಳಿಯ ಕೂಲಿಕಾರನಿಗೆ ನಾಲ್ಕು ದಿನದ ದುಡಿಮೆಯೆಂದರೆ 1,480 ರೂಪಾಯಿ ಹೋಯಿತು; ಬಂಡಿಯ ಬಾಡಿಗೆ ಅದರ ಮೇಲೆ. ಒಬ್ಬನು ಉಳಿಸಿದ ಒಂದು ದಿನದ ಕೂಲಿಯ ಬೆಲೆಯನ್ನು ಮತ್ತೊಬ್ಬನು ನಾಲ್ಕು ಪಟ್ಟು ತೆತ್ತಂತಾಯಿತು.

ಇನ್ನು ಪರೀಕ್ಷೆಯು ನಿಜವಾಗಿ ಉಪಕರಿಸುವ ರೋಗಗಳಿಗೆ ಬರೋಣ. ನಾಯಿಮರಿಯು ತಾಯಿಯ ಗರ್ಭದಲ್ಲಿಯೇ ದುಂಡುಹುಳುವನ್ನು ಪಡೆದು ಹುಟ್ಟುತ್ತದೆ. ಅದರ ತತ್ತಿಯು ಅಂಗಳದ ಮಣ್ಣಿನಿಂದ ಮಕ್ಕಳ ಬಾಯಿಗೆ ಸೇರಿದರೆ ಯಕೃತ್ತಿಗೂ ಕಣ್ಣಿಗೂ ಹಾನಿ ತಟ್ಟಬಹುದು. ಮಲಪರೀಕ್ಷೆಗೆ ಬೇಕಾದದ್ದು ಒಂದು ಗಾಜಿನ ತುಂಡು, ಒಂದು ಸೂಕ್ಷ್ಮದರ್ಶಕ, ಕೆಲವು ನಿಮಿಷಗಳ ವೇಳೆ. ಉಣ್ಣೆಗಳಿಂದ ಹರಡುವ ಎರ್ಲಿಕಿಯಾ ಜ್ವರವು ಇನ್ನೂ ಕಪಟಿ: ನಾಯಿ ಉಂಡು ಓಡಾಡುತ್ತಿರುವಾಗಲೇ ತಿಂಗಳುಗಟ್ಟಲೆ ರಕ್ತದಲ್ಲಿ ಅಡಗಿರುತ್ತದೆ. ಆಗಲೇ ರಕ್ತವನ್ನು ನೋಡಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯನ್ನು ನಾಲ್ಕು ವಾರ ಕೊಟ್ಟು ಗುಣಪಡಿಸುವದು ಬಹುಮಟ್ಟಿಗೆ ಸಾಧ್ಯ. ಮೂಗಿನಿಂದ ರಕ್ತ ಸೋರಿದ ಮೇಲೆ ಓಡಿದರೆ ರಕ್ತದಾನದವರೆಗೂ ಹೋಗಿ, ಸಾವಿರಾರು ರೂಪಾಯಿ ಕಳೆದು, ನಾಯಿಯೂ ಉಳಿಯದೆ ಹೋಗಬಹುದು.

ಕುರಿಗಾರರು ತಿಳಿಯಬೇಕಾದ ರೋಗವು ಮತ್ತೊಂದುಂಟು. ಕುರಿ ಕೊಯ್ದಲ್ಲಿ ಎಸೆದ ಯಕೃತ್ತು ಶ್ವಾಸಕೋಶಗಳನ್ನು ತಿಂದ ನಾಯಿಯ ಕರುಳಿನಲ್ಲಿ ಎಕಿನೊಕಾಕಸ್ ಎಂಬ ಸಣ್ಣ ಲಾಡಿಹುಳು ಬೆಳೆಯುತ್ತದೆ. ಅದರ ತತ್ತಿ ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿ ನೀರುಗಂಟು ಕಟ್ಟಿ, ವರುಷಗಳ ಮೇಲೆ ಶಸ್ತ್ರಚಿಕಿತ್ಸೆಯಾಗಬೇಕಾದೀತು. ಈ ತತ್ತಿಯನ್ನು ಸೂಕ್ಷ್ಮದರ್ಶಕವು ಇತರ ಲಾಡಿಹುಳುಗಳ ತತ್ತಿಯಿಂದ ಬೇರ್ಪಡಿಸಲಾರದು. ಆದುದರಿಂದ ಕುರಿಹಟ್ಟಿಯ ನಾಯಿಗೆ ಕಾಲಕಾಲಕ್ಕೆ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡುವದು, ಹಸಿ ಅಂಗಾಂಗಗಳನ್ನು ಹೂಳುವದು, ಇವೆರಡೇ ಸರಿಯಾದ ಮಾರ್ಗ.

ಹಾಗೆಂದು, ಬೆಲೆಪಟ್ಟಿಯಲ್ಲಿ ಅಚ್ಚಾದ ಪರೀಕ್ಷೆಗಳನ್ನೆಲ್ಲ ಮಾಡಿಸಬೇಕೆಂದು ನಾವು ಹೇಳುವದಿಲ್ಲ. ದೊಡ್ಡ ನಗರಗಳಲ್ಲಿ ಹತ್ತಾರು ಪರೀಕ್ಷೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಮಾರುವ ರೂಢಿ ಬೆಳೆದಿದೆ. ಪ್ರಾಣಿಯ ಮೇಲಿನ ಮಮತೆಯು ವ್ಯಾಪಾರದ ಸರಕಾಗಬಾರದು. ಸಾಮಾನ್ಯ ಗೃಹಸ್ಥನಿಗೆ ಮೂರು ಮೆಟ್ಟಿಲುಗಳು ಸಾಕು. ಪ್ರತಿ ನಾಯಿಗೂ ವರುಷಕ್ಕೊಮ್ಮೆ ವೈದ್ಯರ ಕೈಯಿಂದ ದೇಹಪರೀಕ್ಷೆ, ತೂಕ, ಮಲಪರೀಕ್ಷೆ ಮತ್ತು ಲಸಿಕೆ. ಉಣ್ಣೆ ಹತ್ತಿದ ಅಥವಾ ಮಂಕಾದ ನಾಯಿಗೆ ರಕ್ತಲೇಪನದ ಪರೀಕ್ಷೆ. ಏಳೆಂಟು ವರುಷ ದಾಟಿದ ಮುದಿ ನಾಯಿಗೆ ಮೂತ್ರಪಿಂಡ ಯಕೃತ್ತುಗಳ ಸ್ಥಿತಿಯನ್ನು ತಿಳಿಸುವ ರಕ್ತಪರೀಕ್ಷೆ. ಇದಕ್ಕೂ ಹೆಚ್ಚಿನದನ್ನು ವೈದ್ಯರು ಸೂಚಿಸಿದರೆ, ಈ ಪರೀಕ್ಷೆಯ ಫಲದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುವದೆಂದು ಕೇಳುವದು ಒಡೆಯನ ಹಕ್ಕು. ಉತ್ತರಿಸುವದು ವೈದ್ಯರ ಧರ್ಮ.

ಈ ಮೊದಲ ಮೆಟ್ಟಿಲನ್ನೂ ಏರಲಾರದವನ ಗತಿಯೇನು? ಇಲ್ಲಿ ಸರಕಾರದ ಕರ್ತವ್ಯವು ಪ್ರಾರಂಭವಾಗುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ದನಕರುಗಳಿಗೆ ಕಾಲುಬಾಯಿ ರೋಗದ ಲಸಿಕೆಯು ಉಚಿತವಾಗಿ ಮನೆಬಾಗಿಲಿಗೆ ಬಂದಿತು. ಲಕ್ಷ ಜಾನುವಾರುಗಳಿಗೆ ಒಂದರಂತೆ ಸಂಚಾರಿ ಚಿಕಿತ್ಸಾಲಯಗಳನ್ನು ಏರ್ಪಡಿಸುವ ಯೋಜನೆಯೂ ಆಯಿತು. ಎತ್ತಿನ ರೋಗವು ರೈತನ ಕಿಸೆಗೆ ಕೇಡು. ನಾಯಿಯ ರೋಗವು ಅವನ ಮಗುವಿನ ಪ್ರಾಣಕ್ಕೇ ಕೇಡು. ನಾಯಿಗಾದರೋ ಜುಲೈ 6, ಸೆಪ್ಟೆಂಬರ್ 28ರಂಥ ದಿನಾಚರಣೆಗಳಲ್ಲಿ ನಡೆಯುವ ಶಿಬಿರಗಳೇ ಬಹುಮಟ್ಟಿಗೆ ಆಧಾರ. ಊರಿನ ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುವದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಒಡೆಯನಿಲ್ಲದ ಬೀದಿನಾಯಿಗಳನ್ನು ಬಿಟ್ಟು ಈ ಎಣಿಕೆ ತುಂಬಲಾರದು. ಅವುಗಳ ಲಸಿಕೆಯೂ ಸಂತಾನನಿಯಂತ್ರಣವೂ ಯಾವ ಗೃಹಸ್ಥನ ಮೇಲೆಯೂ ಹೊರಿಸಲಾಗದ ಸಾರ್ವಜನಿಕ ಭಾರ. 2021ರಲ್ಲಿ ಕೇಂದ್ರ ಸರಕಾರವು 2030ರೊಳಗೆ ನಾಯಿಯಿಂದ ಬರುವ ರೇಬೀಸನ್ನು ತೊಲಗಿಸುವ ಸಂಕಲ್ಪವನ್ನು ಪ್ರಕಟಿಸಿತು. 2022ರಲ್ಲಿ ಕರ್ನಾಟಕವು ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ರೋಗವನ್ನಾಗಿ ಮಾಡಿತು. ನೆರೆಯ ಗೋವೆಯು ಬೀದಿ ಬೀದಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿಸಿ, 2021ರಲ್ಲಿ ತನ್ನನ್ನು ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಿಕೊಂಡಿತು. ಗೋವೆಗೆ ಸಾಧ್ಯವಾದದ್ದು ಬೀದರಿಗೆ ಅಸಾಧ್ಯವೆಂದು ನಾವು ನಂಬಲಾರೆವು.

ನಮ್ಮ ಸೂಚನೆಯು ಸರಳವಾದುದು. ಬೀದರ, ಭಾಲ್ಕಿ, ಔರಾದ ತಾಲೂಕುಗಳ ಸಂತೆಗಳಲ್ಲಿ ತಿಂಗಳಿಗೊಂದು ದಿನ ಶ್ವಾನಪರೀಕ್ಷೆಯ ಪೀಠವೊಂದು ಏಳಲಿ. ಕಮಠಾಣದ ಬಳಿಯ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಗುರುಗಳ ಮೇಲ್ವಿಚಾರಣೆಯಲ್ಲಿ ಸೂಕ್ಷ್ಮದರ್ಶಕದೊಡನೆ ಅಲ್ಲಿಗೆ ಬರಲಿ. ಅವರಿಗೆ ಅದೇ ಪಾಠ, ಜನರಿಗೆ ಅದೇ ಸೇವೆ. ಗ್ರಾಮ ಪಂಚಾಯತಿಗಳು ನಾಯಿಗಳ ಪಟ್ಟಿಯನ್ನು ಇಟ್ಟು, ಲಸಿಕೆಯ ವೆಚ್ಚವನ್ನು ಊರಿನ ನೈರ್ಮಲ್ಯದ ವೆಚ್ಚದಂತೆಯೇ ಭಾವಿಸಲಿ. ಉಳ್ಳವರು ತಮ್ಮ ನಾಯಿಯ ಶುಲ್ಕವನ್ನು ತಾವೇ ಕೊಡಲಿ. ಇಲ್ಲದವರ ನಾಯಿಗೆ ಪಂಚಾಯತಿಯು ಕೊಡಲಿ. ಚರಂಡಿಯನ್ನು ಶುಚಿಗೊಳಿಸುವಾಗ ಅದು ಯಾರ ಮನೆಯ ಮುಂದಿನದೆಂದು ನಾವು ಕೇಳುವದಿಲ್ಲ. ಹುಚ್ಚುನಾಯಿಯೂ ಕಚ್ಚುವಾಗ ಮನೆಯ ಗುರುತನ್ನು ಕೇಳುವದಿಲ್ಲ. ಈ ಸತ್ಯವನ್ನು ಅರಿತು ಜಿಲ್ಲೆಯ ಅಧಿಕಾರಿಗಳೂ ಪಂಚಾಯತಿಯ ಪ್ರತಿನಿಧಿಗಳೂ ಬರುವ ಆಯವ್ಯಯದಲ್ಲಿಯೇ ಇದಕ್ಕೊಂದು ಬಾಬನ್ನು ತೆಗೆದಿರಿಸುವರೆಂದು ನಾವು ಆಶಿಸುತ್ತೇವೆ.