ಮೊಸರಿನ ಲೆಕ್ಕ: ಮಾರದೆ ಉಳಿದ ನಾಲ್ಕು ಕೆಜಿ

ಹಾಸನದ ಹತ್ತಿರದ ನಮ್ಮೂರಿನಿಂದ ಚಿಕ್ಕಪ್ಪನ ಮಗಳು ಕಳೆದ ತಿಂಗಳು ಫೋನ್ ಮಾಡಿದ್ದಳು. "ಅಣ್ಣಾ, ದಿನಕ್ಕೆ 40 ಲೀಟರ್ ಹಾಲು ಡೇರಿಗೆ ಹಾಕ್ತಿದ್ದೀವಿ. ಅದನ್ನ ಮೊಸರು ಮಾಡಿ ಮಾರಿದ್ರೆ ಹೇಗೆ? ಮೂರು ಲಕ್ಷ ಸಾಲ ಕೊಡ್ತೀಯಾ?" ಸಿಂಗಪುರದಲ್ಲಿ ಕೂತು ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದುವ ನನಗೆ ಹತ್ತು ನಿಮಿಷದ ಲೆಕ್ಕ ಅನ್ನಿಸಿತ್ತು. ಎರಡು ಸಂಜೆ ಹಿಡಿಯಿತು.

"ಹಾಲು ಮನೇದೇ, ಅದಕ್ಕೇನು ಖರ್ಚು?" ಅಂದಳು. ಆದರೆ ಡೇರಿಯಿಂದ ಬರುವ 37 ರೂಪಾಯಿ ಕೈಬಿಟ್ಟರೆ ಅದೇ ಲೀಟರ್ ಹಾಲಿನ ಖರ್ಚು. ಒಂದು ಲೀಟರಿಗೆ ಹೆಚ್ಚುಕಡಿಮೆ ಒಂದು ಕೆಜಿ ಮೊಸರು; ಹೆಪ್ಪು ಹಾಕಿದ ಮಾತ್ರಕ್ಕೆ ಹಾಲು ಹೆಚ್ಚಾಗುವುದಿಲ್ಲ. ಗ್ಯಾಸ್, ಕವರ್, ಪೇಟೆಗೆ ಸಾಗಿಸುವುದು ಸೇರಿ 11 ರೂಪಾಯಿ. ಒಟ್ಟು 48. ಅವಳು ಹೇಳಿದ ಮಾರಾಟದ ಬೆಲೆ 60. ದಿನಕ್ಕೆ 480 ರೂಪಾಯಿ ಉಳಿಯುತ್ತದೆ, ಅವಳ ಕೂಲಿ ಹಿಡಿಯದೆ.

ನಾಲ್ಕು ಕೆಜಿ ಮಾರದೆ ಉಳಿಯಿತು ಅನ್ನಿ. 36 ಕೆಜಿಗೆ ಬರುವುದು 2160, ಖರ್ಚು ಮಾತ್ರ ಅದೇ 1920. ಲಾಭ 240, ಅಂದರೆ ಅರ್ಧ. ಎಂಟು ಕೆಜಿ ಉಳಿದರೆ ಸೊನ್ನೆ! ಹುಳಿ ಮೊಸರನ್ನು ಕಡೆದು ಬೆಣ್ಣೆ, ಮಜ್ಜಿಗೆ ಮಾಡಿದರೆ ಸ್ವಲ್ಪ ವಾಪಸ್ ಬರುತ್ತದೆ, ನಿಜ. ಡೇರಿಗೆ ಹಾಕಿದ ಹಾಲಿಗೆ ಈ ತಲೆನೋವೇ ಇಲ್ಲ.

ಹಾಲಿನ ರೇಟು ಏರಿದರೆ? ಬಾಂಗ್ಲಾದೇಶದ ಬೊಗ್ರಾದ ಕಥೆ ನೋಡಿ. ಮುಹಮ್ಮದ್ ಯೂನಸ್ ಅವರ ಗ್ರಾಮೀಣ್ ಮತ್ತು ಫ್ರಾನ್ಸಿನ ಡಾನೋನ್ 2006ರಲ್ಲಿ ಕೈಜೋಡಿಸಿ, ಬಡ ಮಕ್ಕಳ ಪೌಷ್ಟಿಕತೆಗೆಂದು 'ಶಕ್ತಿ ದೊಯಿ' ಮೊಸರು ತಂದವು. 80 ಗ್ರಾಂ ಕಪ್ಪಿಗೆ 5 ಟಾಕಾ. ಹಳ್ಳಿಯ ಹೆಂಗಸರೇ ಮನೆಮನೆಗೆ ಹೋಗಿ ಮಾರುತ್ತಿದ್ದರು. 2008ರಲ್ಲಿ ಹಾಲು ತುಟ್ಟಿಯಾಗಿ ಬೆಲೆ 8ಕ್ಕೆ ಏರಿದಾಗ ಹಳ್ಳಿ ವ್ಯಾಪಾರ ಕುಸಿಯಿತು. ಆಮೇಲೆ ಕಪ್ಪನ್ನೇ 60 ಗ್ರಾಮಿಗೆ ಇಳಿಸಿ 6 ಟಾಕಾ ಮಾಡಿದರು, ನಗರಗಳಲ್ಲೂ ಮಾರತೊಡಗಿದರು. ತಂಗಿಗೆ ಹಾಗೆ ಓಡಿಹೋಗಲು ಢಾಕಾ ಇಲ್ಲ. ಹಾಲು 5 ರೂಪಾಯಿ ಏರಿ, ನಾಲ್ಕು ಕೆಜಿಯೂ ಉಳಿದರೆ ಅವಳ ಕೈಗೆ ದಿನಕ್ಕೆ 40 ರೂಪಾಯಿ.

ಮೂರು ಲಕ್ಷ ಕೊಡಲಿಲ್ಲ. ಎರಡು ದಿನ ಮುನಿಸಿಕೊಂಡಿದ್ದಳು. ಒಂದು ಫ್ರಿಜ್ಜಿಗೂ ಪಾತ್ರೆಗಳಿಗೂ ಆಗುವಷ್ಟು ಕಳಿಸಿದ್ದೇನೆ. ಹತ್ತು ಲೀಟರ್ ಮಾತ್ರ ಮೊಸರಿಗೆ, ಉಳಿದ ಮೂವತ್ತು ಡೇರಿಗೇ. ಎರಡು ಹೋಟೆಲಿನವರು ಮುಂಗಡ ಆರ್ಡರ್ ಕೊಟ್ಟಿದ್ದಾರೆ. ಪ್ರತಿ ಭಾನುವಾರ ಎಷ್ಟು ಮಾರಿತು ಅಂತ ಕೇಳುವುದಿಲ್ಲ, ಎಷ್ಟು ಉಳಿಯಿತು ಅಂತ ವಾಟ್ಸಾಪ್ ಮಾಡು ಅಂದಿದ್ದೇನೆ. ಮೊದಲ ವಾರ: ಆರು ಕೆಜಿ.